ಅಜ್ಜನ ಮರದ ಕ್ಯಾಮೆರಾಕ್ಕೆ ಹರಾಜಿನಲ್ಲಿ ಎಷ್ಟು ಬಂದೀತು?

ಪ್ರಶ್ನೆ: ನಮ್ಮ ಅಜ್ಜನವರು ಬೀದರಿನ ಚೌಬಾರಾ ಹತ್ತಿರ ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ಅವರ ಮಡಚುವ ಮರದ ಕ್ಯಾಮೆರಾ ನಮ್ಮಲ್ಲಿದೆ. ಹಿತ್ತಾಳೆಯ ಲೆನ್ಸಿನ ಮೇಲೆ ‘ರಾಸ್, ಲಂಡನ್’ ಎಂದೂ ಒಂದು ಸಂಖ್ಯೆಯೂ ಇವೆ. ಮರದ ಮೇಲೆ ಯಾವ ಹೆಸರೂ ಇಲ್ಲ. ಅದು ರಾಜಾ ದೀನ್ ದಯಾಳರ ಸ್ಟುಡಿಯೋದಿಂದ ಬಂದದ್ದೆಂದು ಮನೆಯ ಹಿರಿಯರು ಹೇಳುತ್ತಾರೆ. ಅಂತರ್ಜಾಲದಲ್ಲಿ ಇಂಥದಕ್ಕೆ ಎರಡು ಲಕ್ಷ ರೂಪಾಯಿ ಹಾಕಿದ್ದಾರೆ. ಅಷ್ಟು ಬರುವುದೇ?
– ಓದುಗರೊಬ್ಬರು, ಬೀದರ್

ಉತ್ತರ: ಅಷ್ಟು ಬರುವ ಸಂಭವ ಕಡಿಮೆ. ನೀವು ನೋಡಿದ್ದು ಮಾರುವವರು ಕೇಳುತ್ತಿರುವ ಬೆಲೆ. ಅಂದಾಜಿಗೆ ಆಧಾರವಾಗಬೇಕಾದದ್ದು ಈಗಾಗಲೇ ಮಾರಾಟವಾಗಿರುವ ಅದೇ ಬಗೆಯ ಕ್ಯಾಮೆರಾಗಳ ಬೆಲೆ. ಥಾರ್ನ್‌ಟನ್-ಪಿಕಾರ್ಡ್, ಲ್ಯಾಂಕಾಸ್ಟರ್ ಮೊದಲಾದ ಇಂಗ್ಲೆಂಡಿನ ಕಂಪನಿಗಳು ಇಂಥವನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿದ್ದರಿಂದ, ಬ್ರಿಟನ್ನಿನ ಹರಾಜುಗಳಲ್ಲಿ ಸಾಮಾನ್ಯ ಮಾದರಿಗಳು ಇಂದಿಗೂ 100–200 ಪೌಂಡಿನ ಆಸುಪಾಸಿನಲ್ಲೇ ಹೋಗುವುದುಂಟು.

ನಿಮ್ಮ ಕ್ಯಾಮೆರಾ ಇಂಗ್ಲೆಂಡಿನದೇ ಎಂಬುದನ್ನೂ ಮೊದಲು ಖಚಿತಪಡಿಸಿಕೊಳ್ಳಬೇಕು. ಕೇರಳದ ಆಲಪ್ಪುಳದಲ್ಲಿ 1940ರ ದಶಕದಿಂದ ತಯಾರಾದ ‘ವಾಗೀಶ್ವರಿ’ ಕ್ಯಾಮೆರಾಗಳು ದೇಶದ ಎಷ್ಟೋ ಸ್ಟುಡಿಯೋಗಳಲ್ಲಿದ್ದವು, ನೋಡುವುದಕ್ಕೂ ಹೀಗೆಯೇ ಇರುತ್ತವೆ. ಅವುಗಳ ಮೇಲೆ ಹಳೆಯ ವಿಲಾಯತಿ ಲೆನ್ಸು ಕೂರಿಸಿಕೊಂಡವರೂ ಇದ್ದರು. ಆದ್ದರಿಂದ ಲೆನ್ಸಿನ ಸಂಖ್ಯೆಯಿಂದ ಲೆನ್ಸಿನ ಕಾಲ ಸುಮಾರಾಗಿ ತಿಳಿಯುತ್ತದೆಯೇ ಹೊರತು ಪೆಟ್ಟಿಗೆಯ ಕಾಲ ತಿಳಿಯುವುದಿಲ್ಲ. ಆದರೂ ರಾಸ್ ಒಳ್ಳೆಯ ಹೆಸರು. ಗಾಜಿನಲ್ಲಿ ಬೂಷ್ಟು, ಗೀರು ಇಲ್ಲದಿದ್ದರೆ ನಿಮ್ಮ ಕ್ಯಾಮೆರಾದ ಬೆಲೆಯ ದೊಡ್ಡ ಪಾಲು ಆ ಲೆನ್ಸಿನದೇ ಆಗಬಹುದು.

ಕತ್ತಲೆ ಕೋಣೆಯಲ್ಲಿ ಕ್ಯಾಮೆರಾದ ಮುಂಭಾಗಕ್ಕೂ ಹಿಂಭಾಗಕ್ಕೂ ನಡುವೆ ಇರುವ ಚರ್ಮದ ಮಡಿಕೆಗಳನ್ನು ಪೂರ್ತಿ ಹಿಗ್ಗಿಸಿ, ಒಳಗೆ ಟಾರ್ಚ್ ಇಟ್ಟು ಹೊರಗಿನಿಂದ ನೋಡಿ. ಮಡಿಕೆಯ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು ಸೋರಿದರೂ ಗುರುತು ಮಾಡಿಕೊಳ್ಳಿ. ಹಿಂಭಾಗದ ಮಸುಕು ಗಾಜು, ಗಾಜಿನ ಪ್ಲೇಟು ಹಾಕುವ ಮರದ ಚೌಕಟ್ಟುಗಳು, ಮೂರು ಕಾಲಿನ ಸ್ಟ್ಯಾಂಡು ಎಲ್ಲವೂ ಇದ್ದರೆ ಬೆಲೆ ಏರುತ್ತದೆ. ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವುದನ್ನೂ ಮರಕ್ಕೆ ಹೊಸ ಪಾಲಿಶ್ ಹೊಡೆಸುವುದನ್ನೂ ದಯವಿಟ್ಟು ಮಾಡಬೇಡಿ. ಹಳೆಯ ಲೇಪ ಉಳಿದಿರುವುದನ್ನೇ ಸಂಗ್ರಾಹಕರು ಬಯಸುತ್ತಾರೆ, ಒಮ್ಮೆ ಹೋದದ್ದನ್ನು ಮತ್ತೆ ತರಲಾಗದು.

ದೀನ್ ದಯಾಳರು ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿದ್ದು 1905ರಲ್ಲಿ ತೀರಿಕೊಂಡವರು. ಅವರ ಸ್ಟುಡಿಯೋದ ರಸೀದಿ, ಪತ್ರ, ಇಲ್ಲವೆ ಇದೇ ಕ್ಯಾಮೆರಾ ಕಾಣುವ ಹಳೆಯ ಫೋಟೋ ಸಿಕ್ಕರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ಬಾಯಿಮಾತಿಗೆ ಹರಾಜಿನಲ್ಲಿ ಬೆಲೆಯಿಲ್ಲ. ಅಜ್ಜನವರ ಟ್ರಂಕಿನಲ್ಲಿರುವ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ತನಕ ಮಾರುವ ಮಾತೇ ಬೇಡವೆಂಬುದು ನನ್ನ ಅಭಿಪ್ರಾಯ.

ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರಬಹುದು. ಆ ಕಾಯಿದೆಯಂತೆ ಪುರಾತನ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ದೇಶದೊಳಗಿನ ಹರಾಜು ಸಂಸ್ಥೆಗೆ ಎಲ್ಲ ಬದಿಯ ಚಿತ್ರಗಳನ್ನೂ ಲೆನ್ಸಿನ ಸಂಖ್ಯೆಯನ್ನೂ ಕಳಿಸಿ, ಅಂದಾಜನ್ನು ಬರಹದಲ್ಲಿ ಪಡೆಯಿರಿ. ಕಮಿಷನ್ ಎಷ್ಟೆಂದು ಕೇಳಿ, ಇಷ್ಟಕ್ಕಿಂತ ಕಡಿಮೆಗೆ ಮಾರಬಾರದೆಂಬ ಕನಿಷ್ಠ ಬೆಲೆಯನ್ನು ಒಪ್ಪಂದದಲ್ಲಿ ಬರೆಸಿದ ಮೇಲೆಯೇ ಕ್ಯಾಮೆರಾ ಕೈಗೆ ಕೊಡಿ.