ಮಳೆಗಾಲದಲ್ಲಿ ಕಂಪ್ರೆಸರ್ ಗಾಳಿಯೊಂದಿಗೆ ನೀರು ಬರುತ್ತಿದ್ದರೆ ಡ್ರೈಯರ್ ಕೊಳ್ಳಲೇಬೇಕೆ?

ಬೆಳಗಾವಿಯ ಮಚ್ಚೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಬಣ್ಣ ಹೊಡೆಯುವ ನಿಮ್ಮ ಶೆಡ್ಡಿನಲ್ಲಿ 5 ಎಚ್‌ಪಿ ಪಿಸ್ಟನ್ ಕಂಪ್ರೆಸರ್ ಇದೆ, ಮಳೆ ಹಿಡಿದ ಮೇಲೆ ಸ್ಪ್ರೇ ಗನ್ನಿನಿಂದ ನೀರಿನ ಹನಿಗಳು ಸಿಡಿಯುತ್ತಿವೆ, ಟ್ಯಾಂಕಿನ ಬಾಯಿಗೇ ಎರಡು ಫಿಲ್ಟರ್ ಜೋಡಿಸಿದರೂ ನಿಂತಿಲ್ಲ, ಮಾರಾಟಗಾರರು ಡ್ರೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಹಾಕಿಸಿ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಉದ್ಯಮಬಾಗದ ವರ್ಕ್‌ಶಾಪ್‌ಗಳಲ್ಲಿ ಕಂಪ್ರೆಸರ್ ನಿರ್ವಹಣೆಯನ್ನೇ ಕಸುಬಾಗಿ ಮಾಡಿಕೊಂಡಿರುವ ನನ್ನ ಅಭಿಪ್ರಾಯದಲ್ಲಿ, ಡ್ರೈಯರ್‌ಗೆ ಈಗಲೇ ಹಣ ಹಾಕಬೇಡಿ. ನಿಮ್ಮ ಫಿಲ್ಟರ್‌ಗಳು ಕೆಟ್ಟಿಲ್ಲ. ಗಾಳಿ ಇನ್ನೂ ಬಿಸಿಯಾಗಿರುವ ಜಾಗದಲ್ಲಿ ಅವುಗಳನ್ನು ಕೂರಿಸಲಾಗಿದೆ, ಅಷ್ಟೇ.

ಫಿಲ್ಟರ್ ಹಿಡಿಯುವುದು ಹನಿಯಾಗಿರುವ ನೀರನ್ನು ಮಾತ್ರ, ಆವಿ ಅದರ ಮೂಲಕ ಸಲೀಸಾಗಿ ದಾಟಿ ಹೋಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರು ಆವಿಯ ರೂಪದಲ್ಲಿ ಇರಬಲ್ಲದು, ಮತ್ತು ಒತ್ತಡ ಹೆಚ್ಚಿಸಿದರೂ ಈ ಮಿತಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಆದರೆ 7 ಬಾರ್‌ಗೆ, ಅಂದರೆ ನಾವು ನೂರು ಪಿಎಸ್‌ಐ ಎನ್ನುವ ಒತ್ತಡಕ್ಕೆ, ಗಾಳಿಯನ್ನು ತಂದಾಗ (ಗೇಜಿನ ಈ 7ಕ್ಕೆ ಹೊರಗಿನ ಗಾಳಿಯದೇ 1 ಬಾರ್ ಸೇರಿ ಒಟ್ಟು 8) ಹೊರಗಿನ 8 ಘನ ಮೀಟರ್ ಗಾಳಿ ಒಂದೇ ಘನ ಮೀಟರಿನಲ್ಲಿ ಅಡಕವಾಗುತ್ತದೆ, ಅದರೊಳಗಿನ ಆವಿಯೂ ಅದರ ಜೊತೆಗೇ ಬರುತ್ತದೆ. ಹೊರಗೆ 25 ಡಿಗ್ರಿ ಉಷ್ಣತೆ ಮತ್ತು ಶೇಕಡಾ 90ರಷ್ಟು ತೇವಾಂಶ ಇರುವ ದಿನ, ಗಂಟೆಗೆ ಸುಮಾರು 25 ಘನ ಮೀಟರ್ ಗಾಳಿ ಎಳೆಯುವ ನಿಮ್ಮಂಥ ಯಂತ್ರ ಒಂದು ಗಂಟೆ ಬಿಡದೆ ಓಡಿದರೆ, ಆ ಗಾಳಿ ಮತ್ತೆ 25 ಡಿಗ್ರಿಗೆ ತಣಿಯುವಷ್ಟರಲ್ಲಿ ಸುಮಾರು 450 ಮಿಲಿಲೀಟರ್ ನೀರು ಎಲ್ಲೋ ಒಂದು ಕಡೆ ಬೀಳಲೇಬೇಕು. ಅದು ಎಲ್ಲಿ ಬೀಳಬೇಕೆಂಬುದನ್ನು ನಿರ್ಧರಿಸುವುದಷ್ಟೇ ನಮ್ಮ ಕೈಯಲ್ಲಿರುವ ಕೆಲಸ.

ಈಗ ಟ್ಯಾಂಕಿನಿಂದ ಹೊರಡುವ ಪೈಪಿನ ಮೇಲೆ, ಕಂಪ್ರೆಸರ್ ಅರ್ಧ ಗಂಟೆ ಓಡಿದ ನಂತರ, ಕೈಯಿಟ್ಟು ನೋಡಿ. ಪೈಪು ಬೆಚ್ಚಗಿದ್ದು ಗಾಳಿ 45 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಅದರ ಪ್ರತಿ ಘನ ಮೀಟರಿನಲ್ಲಿ ಸುಮಾರು 65 ಗ್ರಾಂ ಆವಿ ಇರಬಲ್ಲದು. ಆ 450 ಮಿಲಿಲೀಟರಿನಲ್ಲಿ ಸುಮಾರು 300 ಟ್ಯಾಂಕಿನಲ್ಲಿ ಬಿದ್ದರೂ ಉಳಿದ 150 ಆವಿಯಾಗಿಯೇ ನಿಮ್ಮ ಎರಡೂ ಫಿಲ್ಟರ್‌ಗಳನ್ನು ದಾಟಿ, ಮುಂದೆ ತಣ್ಣನೆಯ ಪೈಪಿನಲ್ಲೋ ಹೋಸ್‌ನಲ್ಲೋ ನೀರಾಗಿ, ಗನ್ನಿನಿಂದ ಹೊರಬರುತ್ತದೆ. ಬೇಸಿಗೆಯಲ್ಲಿ ಈ ಕಾಟವೇ ಇರಲಿಲ್ಲ ಎಂದಿದ್ದೀರಿ. ಆಗಲೂ ಟ್ಯಾಂಕಿನಲ್ಲಿ ನೀರು ಬೀಳುತ್ತದೆ, ಆದರೆ ಏಪ್ರಿಲ್ ಮಧ್ಯಾಹ್ನದ ಒಣ ಗಾಳಿಯಲ್ಲಿ ಅದು ಮಳೆಗಾಲದ ಮೂರನೆಯ ಒಂದು ಪಾಲೂ ಆಗದು. ವಿಜಯಪುರ, ಬಾಗಲಕೋಟೆ ಕಡೆಯ ಪೇಂಟರ್‌ಗಳಿಗೆ ಹೇಳಿದರೆ ನಮ್ಮ ಗೋಳನ್ನು ನಂಬುವುದೇ ಇಲ್ಲ.

ಆದ್ದರಿಂದ ಮೊದಲು ಗಾಳಿಯನ್ನು ತಣಿಸಬೇಕು. ಕಂಪ್ರೆಸರ್ ಮೂಲೆಯಲ್ಲಿದ್ದರೆ ಈಚೆಗೆ ಎಳೆಯಿರಿ. ಫ್ಲೈವೀಲ್‌ನ ರೆಕ್ಕೆಗಳೇ ಅದಕ್ಕೆ ಫ್ಯಾನ್ ಆಗಿರುವುದರಿಂದ, ಗೋಡೆಗೂ ಅದಕ್ಕೂ ಒಂದೂವರೆ ಅಡಿಯಾದರೂ ಅಂತರವಿರಲಿ. ಹೆಡ್ಡಿನಿಂದ ಟ್ಯಾಂಕಿಗೆ ಹೋಗುವ ರೆಕ್ಕೆಪೈಪಿನ ಮೇಲೆ ಬಣ್ಣದ ಧೂಳು ಮತ್ತು ಎಣ್ಣೆ ಕಲೆತ ಪದರ ಕಟ್ಟಿರುತ್ತದೆ, ಅದನ್ನು ಬ್ರಷ್ ಹಾಕಿ ತೆಗೆಯಿರಿ. ಇಷ್ಟಾದರೂ ಪೈಪು ಬಿಸಿಯಾಗಿಯೇ ಇದ್ದರೆ ಟ್ಯಾಂಕಿಗೂ ಮೊದಲು ಫ್ಯಾನ್ ಇರುವ ಆಫ್ಟರ್‌ಕೂಲರ್ (ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಸಾಧನ) ಹಾಕಿಸುವುದು ಡ್ರೈಯರ್‌ಗಿಂತ ಒಳ್ಳೆಯ ಖರ್ಚು. ಪಂಪಿಗೂ ಟ್ಯಾಂಕಿಗೂ ನಡುವೆ ಮುಚ್ಚುವ ವಾಲ್ವ್ ಮಾತ್ರ ಹಾಕಿಸಬೇಡಿ; ಯಾರಾದರೂ ಅದನ್ನು ಮುಚ್ಚಿ ಯಂತ್ರ ಚಾಲೂ ಮಾಡಿದರೆ ಒತ್ತಡ ಹೋಗಲು ದಾರಿಯೇ ಇರುವುದಿಲ್ಲ.

ಟ್ಯಾಂಕಿನ ಡ್ರೇನ್ ಕಾಕನ್ನು ಮಳೆಗಾಲದಲ್ಲಿ ದಿನಕ್ಕೆ ಎರಡು ಸಲವಾದರೂ ತೆರೆಯಿರಿ. ಮೊದಲು ಚಹಾದ ಬಣ್ಣದ ತುಕ್ಕುನೀರು ಬರುತ್ತದೆ, ಆಮೇಲೆ ನೀರು ಗಾಳಿ ಕಲೆತು ಉಗುಳುತ್ತದೆ, ಬರಿಯ ಗಾಳಿಯ ಸದ್ದು ಬಂದಾಗ ಮುಚ್ಚಿ. ತಳದಲ್ಲಿ ನಿಂತ ನೀರು ಟ್ಯಾಂಕಿನ ತಗಡನ್ನು ಒಳಗಿನಿಂದಲೇ ತಿನ್ನುತ್ತದೆ, ಹೊರಗಿನ ಬಣ್ಣ ಹೊಚ್ಚ ಹೊಸದಾಗಿ ಕಂಡರೂ ಒಳಗೆ ತಗಡು ತೆಳುವಾಗಿರಬಹುದು. ಕಾಕ್ ಕಟ್ಟಿಕೊಂಡಿದ್ದರೆ ಒತ್ತಡ ಪೂರ್ತಿ ಇಳಿಸಿದ ಮೇಲೆಯೇ ಬಿಚ್ಚಬೇಕು. ನೆನಪಿಟ್ಟುಕೊಂಡು ತೆರೆಯುವವರು ಯಾರೂ ಇಲ್ಲದಿದ್ದರೆ ಟೈಮರ್ ಇರುವ ಆಟೋ ಡ್ರೇನ್ ಹಾಕಿಸಿಕೊಳ್ಳಿ.

ಪೈಪ್‌ಲೈನ್ ವಿಷಯದಲ್ಲಿ ನಮ್ಮ ಪ್ಲಂಬರ್‌ಗಳು ನೀರಿನ ಲೈನ್ ಎಳೆದಂತೆಯೇ ಗಾಳಿಯ ಲೈನನ್ನೂ ಎಳೆದುಬಿಡುತ್ತಾರೆ. ಮುಖ್ಯ ಪೈಪು ಗಾಳಿ ಹರಿಯುವ ದಿಕ್ಕಿಗೆ ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ಇಳಿಜಾರಾಗಿರಬೇಕು. ಗನ್ನಿಗೆ ಬರುವ ಕವಲನ್ನು ಮುಖ್ಯ ಪೈಪಿನ ಕೆಳಬದಿಯಿಂದಲ್ಲ, ಮೇಲ್ಬದಿಯಿಂದ ತೆಗೆದು ಬಾಗಿಸಿ ಇಳಿಸಬೇಕು. ಹೀಗಾದರೆ ತಳದಲ್ಲಿ ಹರಿಯುವ ನೀರು ಕವಲಿಗೆ ಇಳಿಯದೆ ನೇರವಾಗಿ ಕೊನೆಯ ಡ್ರೇನ್‌ಗೆ ಹೋಗುತ್ತದೆ. ಪಿವಿಸಿ ಪೈಪು ಬಳಸಿದ್ದರೆ ಬದಲಾಯಿಸಿ, ಏಕೆಂದರೆ ಗಾಳಿಯ ಒತ್ತಡದಲ್ಲಿ ಅದು ಸೀಳುವುದಿಲ್ಲ, ಚೂರುಚೂರಾಗಿ ಸಿಡಿಯುತ್ತದೆ. ನಿಮ್ಮ ಎರಡು ಫಿಲ್ಟರ್‌ಗಳನ್ನು ಟ್ಯಾಂಕಿನಿಂದ ಬಿಚ್ಚಿ, ಗಾಳಿ ಎಂಟು ಹತ್ತು ಮೀಟರ್ ಲೋಹದ ಪೈಪಿನಲ್ಲಿ ಸಾಗಿ ತಣಿದ ಮೇಲೆ, ಹೋಸ್ ಜೋಡಿಸುವ ಜಾಗದಲ್ಲಿ ಕೂರಿಸಿ. ಆಗ ಅವುಗಳ ಬಟ್ಟಲಿನಲ್ಲಿ ನೀರು ತುಂಬತೊಡಗುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ, ಅವು ಈಗ ಕೆಲಸ ಮಾಡುತ್ತಿವೆ ಎಂದರ್ಥ.

ಇಷ್ಟು ಮಾಡಿದ ನಂತರ ಬಣ್ಣ ತುಂಬದ ಗನ್ನಿನಿಂದ ಒಂದು ಗಾಜಿನ ಮೇಲೆ ಒಂದು ನಿಮಿಷ ಗಾಳಿ ಹಿಡಿದು ನೋಡಿ. ನೀರಿನ ಹನಿಯೂ ಇಲ್ಲದೆ ಎಣ್ಣೆಯ ಜಿಡ್ಡೂ ಇಲ್ಲದೆ ಇದ್ದರೆ ಟ್ರೇಲರ್ ಬಣ್ಣಕ್ಕೆ ಆ ಗಾಳಿ ಸಾಕು. ಬಣ್ಣದಲ್ಲಿ ಸಣ್ಣ ಸಣ್ಣ ಗುಳಿ ಬಿದ್ದು ಸುತ್ತ ಬಣ್ಣ ಸರಿದಂತೆ ಕಂಡರೆ ಅದು ಸಾಮಾನ್ಯವಾಗಿ ಎಣ್ಣೆಯ ದೋಷ, ಪಿಸ್ಟನ್ ರಿಂಗ್ ಸವೆದಿದೆಯೇ ಎಂದು ಪರೀಕ್ಷಿಸಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಒಣಗುವಾಗ ಬೂದಿ ಬಳಿದಂತೆ ಬೆಳ್ಳಗಾಗುತ್ತಿದ್ದರೆ ಯಾವ ಡ್ರೈಯರ್ ಹಾಕಿದರೂ ಉಪಯೋಗವಿಲ್ಲ: ಥಿನ್ನರ್ ಬೇಗ ಆರುವಾಗ ಬಣ್ಣದ ಮೈ ತಣ್ಣಗಾಗಿ, ಶೆಡ್ಡಿನೊಳಗಿನ ತೇವವೇ ಅದರ ಮೇಲೆ ಕೂರುತ್ತದೆ. ಅದಕ್ಕೆ ನಿಧಾನವಾಗಿ ಆರುವ ಥಿನ್ನರ್ ಬೇಕು, ಇಲ್ಲವೇ ಮಳೆ ಬಿಡುವವರೆಗೆ ಕಾಯಬೇಕು.

ಗಾಜಿನ ಮೇಲೆ ಇನ್ನೂ ಹನಿ ಬೀಳುತ್ತಿದ್ದರೆ, ಅಥವಾ ಮುಂದೆ ಪೌಡರ್ ಕೋಟಿಂಗ್‌ಗೆ (ಬಣ್ಣದ ಪುಡಿ ಸಿಂಪಡಿಸಿ ಕಾಯಿಸಿ ಕೂರಿಸುವ ವಿಧಾನ) ಹೋಗುವ ಯೋಚನೆ ಇದ್ದರೆ, ಆಗ ರೆಫ್ರಿಜರೇಟೆಡ್ ಡ್ರೈಯರ್ ಕೊಳ್ಳಿ. ಅದು ಗಾಳಿಯನ್ನು ಸುಮಾರು 3 ಡಿಗ್ರಿಗೆ ತಣಿಸಿ ನೀರು ಬೀಳಿಸುವುದರಿಂದ, ನಮ್ಮೂರಿನ ಜುಲೈ ಚಳಿಯಲ್ಲೂ ಪೈಪಿನೊಳಗೆ ಮತ್ತೆ ಹನಿ ಕಟ್ಟುವುದಿಲ್ಲ. ಕೊಳ್ಳುವಾಗ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಲೆಕ್ಕ) ಒಂದನ್ನೇ ಕೇಳಬೇಡಿ. ಆ ಸಿಎಫ್‌ಎಂ ಒಳಬರುವ ಗಾಳಿ ಎಷ್ಟು ಡಿಗ್ರಿ ಇದ್ದಾಗಿನದು ಎಂದೂ ಕೇಳಿ. ಸಾಮಾನ್ಯವಾಗಿ ಅದು 35 ರಿಂದ 38 ಡಿಗ್ರಿಗೆ ಹೇಳಿದ ಲೆಕ್ಕವಾಗಿರುತ್ತದೆ, ಪಿಸ್ಟನ್ ಯಂತ್ರದ ಬಿಸಿ ಗಾಳಿಯನ್ನು ನೇರವಾಗಿ ಕೊಟ್ಟರೆ ಡ್ರೈಯರ್ ತಾಳುವುದಿಲ್ಲ.

ಡ್ರೇನ್‌ನಿಂದ ಬರುವ ನೀರಿನಲ್ಲಿ ಕಂಪ್ರೆಸರ್ ಎಣ್ಣೆ ಬೆರೆತಿರುತ್ತದೆ. ಅದನ್ನು ಚರಂಡಿಗೆ ಬಿಡದೆ ಒಂದು ಡಬ್ಬದಲ್ಲಿ ಹಿಡಿದು, ಎಣ್ಣೆ ಮೇಲೆ ತೇಲಿದಾಗ ಬೇರ್ಪಡಿಸಿ ಹಳೆಯ ಎಂಜಿನ್ ಆಯಿಲ್ ಒಯ್ಯುವವರಿಗೆ ಕೊಡಿ.