ದ್ರಾಕ್ಷಿ ಯಾವುದರ ಜೊತೆ ಒಗ್ಗುತ್ತದೆ?

ಪ್ರಶ್ನೆ: ದ್ರಾಕ್ಷಿ ತಿಂದ ಮೇಲೆ ಹಾಲು ಕುಡಿದರೆ ಅದು ಹೊಟ್ಟೆಯಲ್ಲಿ ಒಡೆದು ತೊಂದರೆ ಕೊಡುತ್ತದೆ ಎನ್ನುತ್ತಾರೆ. ಇದು ನಿಜವೇ? ದ್ರಾಕ್ಷಿಯೊಂದಿಗೆ ಯಾವ ಆಹಾರ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಹಾಲು ಒಡೆಯುತ್ತದೆ ಎಂಬ ಮಾತು ನಿಜ; ಆದರೆ ಒಡೆಯುವುದೇ ತೊಂದರೆ ಎಂದು ಭಾವಿಸಬೇಕಾಗಿಲ್ಲ. ಬರಿಯ ಹಾಲನ್ನು ಕುಡಿದರೂ ಜಠರದ ಆಮ್ಲವು ಅದನ್ನು ಮೊದಲು ಒಡೆಯುತ್ತದೆ, ಜೀರ್ಣಕ್ರಿಯೆ ನಡೆಯುವುದೇ ಹಾಗೆ. ಹಾಲು ಕುಡಿದಾಗಲೆಲ್ಲ ಹೊಟ್ಟೆಯುಬ್ಬರ ಬರುವವರು ದ್ರಾಕ್ಷಿಯನ್ನು ದೂರುವ ಮೊದಲು ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ತಮಗೆ ಒಗ್ಗುತ್ತಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಈ ಜೋಡಿ ನಿಜವಾಗಿ ಕೆಡುವುದು ಲೋಟದಲ್ಲಿ. ಕಪ್ಪು ದ್ರಾಕ್ಷಿಯನ್ನು ಹಾಲಿನೊಂದಿಗೆ ಮಿಕ್ಸಿಯಲ್ಲಿ ತಿರುವಿ ಸ್ವಲ್ಪ ಹೊತ್ತು ಬಿಟ್ಟರೆ ಲೋಟದ ಅಂಚಿಗೆ ಸಣ್ಣ ಸಣ್ಣ ಗಂಟುಗಳು ಅಂಟಿಕೊಳ್ಳುತ್ತವೆ, ಬಣ್ಣವೂ ಮಂಕಾಗುತ್ತದೆ. ದ್ರಾಕ್ಷಿಯ ಟಾರ್ಟಾರಿಕ್ ಮತ್ತು ಮ್ಯಾಲಿಕ್ ಆಮ್ಲಗಳಿಂದ ಹಾಲಿನ ಪಿಎಚ್ (ಹುಳಿಯ ಅಳತೆ; ಇದು ಇಳಿದಷ್ಟೂ ಹುಳಿ ಹೆಚ್ಚು) 4.6ರ ಆಸುಪಾಸಿಗೆ ಇಳಿದಾಗ ಕೇಸೀನ್ ಎಂಬ ಪ್ರೋಟೀನ್ ಗಂಟುಕಟ್ಟುವುದೇ ಇದಕ್ಕೆ ಕಾರಣ. ಗಟ್ಟಿ ಮೊಸರಿನಲ್ಲಿ ಈ ಭಯವಿಲ್ಲ; ಅದು ಹುಳಿಯಿಂದಲೇ ಹೆಪ್ಪುಗಟ್ಟಿದ್ದಾದ್ದರಿಂದ ಹೊಸದಾಗಿ ಒಡೆಯುವುದೇನೂ ಉಳಿದಿರುವುದಿಲ್ಲ, ಸಿಪ್ಪೆಯ ಕೆಂಪು ಬಣ್ಣವೂ ಅದರಲ್ಲಿ ಚೆನ್ನಾಗಿ ನಿಲ್ಲುತ್ತದೆ.

ನನ್ನನ್ನು ಕೇಳಿದರೆ ದ್ರಾಕ್ಷಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಚೀಸ್. ಸಿಪ್ಪೆ ಮತ್ತು ಬೀಜಗಳಲ್ಲಿರುವ ಟ್ಯಾನಿನ್ ಎಂಬ ಅಂಶವು ನಮ್ಮ ಜೊಲ್ಲಿನ ಪ್ರೋಟೀನ್‌ಗಳನ್ನು ಹಿಡಿದುಕೊಳ್ಳುವುದರಿಂದ ನಾಲಿಗೆ ಒಣಗಿದಂತಾಗುತ್ತದೆ. ನಾವು ಒಗರು ಎನ್ನುವುದು ಇದನ್ನೇ. ಬಾಯಲ್ಲಿ ಒಂದು ಚೂರು ಚೀಸ್ ಇದ್ದಾಗ ಟ್ಯಾನಿನ್ ಅದರ ಪ್ರೋಟೀನ್‌ಗೂ ಅಂಟಿಕೊಳ್ಳುವುದರಿಂದ ಒಗರು ತಗ್ಗುತ್ತದೆ, ಚೀಸ್‌ನ ಉಪ್ಪು ಹಣ್ಣಿನ ಸಿಹಿಯನ್ನು ಎತ್ತಿ ತೋರಿಸುತ್ತದೆ, ಹಣ್ಣಿನ ಹುಳಿಯು ಜಿಡ್ಡನ್ನು ಕಳೆಯುತ್ತದೆ. ಬಾದಾಮಿ, ಆಕ್ರೋಟುಗಳೂ ಹೀಗೆಯೇ ಚೆನ್ನಾಗಿ ಹೊಂದುತ್ತವೆ. 100 ಗ್ರಾಂ ದ್ರಾಕ್ಷಿಯಲ್ಲಿ ಸುಮಾರು 16 ಗ್ರಾಂ ಸಕ್ಕರೆ ಇರುವುದರಿಂದ, ಮಧುಮೇಹ ಇರುವವರು ಬರಿಯ ಹಣ್ಣನ್ನು ತಿನ್ನುವುದಕ್ಕಿಂತ ಅಳತೆಯಲ್ಲಿ ಕೆಲವು ದ್ರಾಕ್ಷಿಗಳನ್ನು ಬಾದಾಮಿಯೊಂದಿಗೆ ತಿನ್ನುವುದು ಮೇಲು.

ಸಿಹಿತಿಂಡಿಯ ಬೆನ್ನಿಗೆ ದ್ರಾಕ್ಷಿಯನ್ನು ಬಡಿಸಬೇಡಿ, ಏಕೆಂದರೆ ಸಿಹಿಗೆ ಒಗ್ಗಿಹೋದ ನಾಲಿಗೆಗೆ ಎಂಥ ಮಾಗಿದ ಹಣ್ಣೂ ಹುಳಿಯಾಗಿಯೇ ತೋರುತ್ತದೆ. ಕಡುಚಹಾದ ಜೊತೆ ಒಗರಿಗೆ ಒಗರು ಸೇರುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಕಪ್ಪು ದ್ರಾಕ್ಷಿಯ ರಸದೊಂದಿಗೆ ನುಂಗದೆ ನೀರಿನಲ್ಲಿ ನುಂಗುವುದು ಲೇಸು. ರಸದಲ್ಲಿರುವ ಪಾಲಿಫಿನಾಲ್‌ಗಳು (ಟ್ಯಾನಿನ್‌ನಂಥ ಸಸ್ಯದ ಅಂಶಗಳು) ಕಬ್ಬಿಣವನ್ನು ಹಿಡಿದಿಟ್ಟು, ದೇಹ ಅದನ್ನು ಹೀರಿಕೊಳ್ಳದಂತೆ ತಡೆಯಬಲ್ಲವು.

ಪ್ರಶ್ನೆ: ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳುವವರು ದ್ರಾಕ್ಷಿ ತಿನ್ನಬಾರದೆಂದು ಓದಿದೆ. ನನ್ನ ತಾಯಿಯವರು ಅಂದಿನಿಂದ ಹಣ್ಣನ್ನೇ ಬಿಟ್ಟಿದ್ದಾರೆ.

ಉತ್ತರ: ಇಲ್ಲಿ ಹೆಸರಿನ ಗೊಂದಲವಾಗಿದೆ. ಕೊಲೆಸ್ಟರಾಲ್ ತಗ್ಗಿಸುವ ಕೆಲವು ಸ್ಟ್ಯಾಟಿನ್ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಅಪಾಯಕರವಾಗಿ ಏರಿಸುವುದು ಗ್ರೇಪ್‌ಫ್ರೂಟ್. ಅದು ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ ಹುಟ್ಟಿದ ಹಣ್ಣು. ಗೊಂಚಲಾಗಿ ಕಾಯುವುದರಿಂದ ಆ ಹೆಸರು ಬಂದಿರಬೇಕು, ದ್ರಾಕ್ಷಿಗೂ ಅದಕ್ಕೂ ಬೇರಾವ ನಂಟೂ ಇಲ್ಲ. ವೈದ್ಯರು ಬೇರೆ ಕಾರಣಕ್ಕೆ ಬೇಡವೆಂದಿಲ್ಲದಿದ್ದರೆ ನಿಮ್ಮ ತಾಯಿಯವರು ದ್ರಾಕ್ಷಿಯನ್ನು ನಿಶ್ಚಿಂತೆಯಿಂದ ತಿನ್ನಲಿ.