ಆರು ತಿಂಗಳು ಒಗೆಯದ ಜೀನ್ಸ್ ನಮ್ಮ ಕರಾವಳಿಗೆ ಆಗುವುದಿಲ್ಲ

ಕಾರವಾರದಲ್ಲಿ ಜೀನ್ಸ್ ಆಲ್ಟರೇಶನ್, ರಫೂ ಕೆಲಸ ಮಾಡುವ ನನಗೆ ಈ ಸಲವೂ ಅದೇ ಪ್ರಶ್ನೆಗಳು ಬಂದಿವೆ. ಎಷ್ಟು ಸಲ ಹೇಳಿದರೂ ಅಂಗಡಿಯವರ ಮಾತು, ವಿಡಿಯೋದವರ ಮಾತು ಜನರ ತಲೆಯಿಂದ ಹೋಗುತ್ತಿಲ್ಲ. ಹಾಗಾಗಿ ಮೊದಲ ಪ್ರಶ್ನೆಗೇ ಜಾಸ್ತಿ ಜಾಗ ಕೊಡುತ್ತೇನೆ. ಅದರಲ್ಲಿ ಬರುವ ರಾ ಡೆನಿಮ್ ಅಂದರೆ ನೇಯ್ದ ಮೇಲೆ ಒಗೆಯದೆ, ಗಂಜಿ ಸಮೇತ ಮಾರುವ ಜೀನ್ಸ್ ಬಟ್ಟೆ. ಹಾಕಿ ಓಡಾಡಿದಂತೆ ಮಡಿಕೆಗಳಲ್ಲಿ ಬಣ್ಣ ಸವೆದು ಬಿಳಿ ಗೆರೆ ಮೂಡಲಿ ಅಂತ ಕೆಲವರು ಅದನ್ನು ಒಗೆಯುವುದೇ ಇಲ್ಲ.

ರಾ ಡೆನಿಮ್ ಪ್ಯಾಂಟಿಗೆ ಆರು ತಿಂಗಳು ನೀರು ಮುಟ್ಟಿಸಬೇಡಿ ಅಂದಿದ್ದಾರೆ. ಮೂರು ತಿಂಗಳಾಯಿತು. ಮುಗ್ಗಲು ವಾಸನೆ ಬರುತ್ತಿದೆ, ತೊಡೆಸಂದಿಯಲ್ಲಿ ತುರಿಕೆ. ಈಗ ಒಗೆದರೆ ಗೆರೆಗಳು ಹಾಳಾಗುತ್ತವಾ? – ಅಂಕೋಲಾದ ಓದುಗರು

ಒಗೆಯಿರಿ. ಇವತ್ತೇ ಒಗೆಯಿರಿ.

ಈ ಆರು ತಿಂಗಳ ಮಾತು ಚಳಿ ದೇಶದಿಂದ ಬಂದದ್ದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ 15 ತಿಂಗಳು ಒಗೆಯದೆ ಜೀನ್ಸ್ ಹಾಕಿದ. 2011ರಲ್ಲಿ ಅದು ಸುದ್ದಿಯಾಯಿತು. ಆಮೇಲೆ ಒಗೆದು 13 ದಿನ ಹಾಕಿ ನೋಡಿದಾಗಲೂ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಅಷ್ಟೇ ಇತ್ತು. ಎಲ್ಲರೂ ಇದನ್ನೇ ನನಗೆ ತೋರಿಸುತ್ತಾರೆ. ಆಲ್ಬರ್ಟಾದ ಒಣ ಹವೆ ಎಲ್ಲಿ, ಗೋಡೆಯೇ ಬೆವರುವ ನಮ್ಮ ಜುಲೈ ಎಲ್ಲಿ? ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಬೆವರು ಕುಡಿದ ದಪ್ಪ ಹತ್ತಿ ಬಟ್ಟೆಯನ್ನು ಅದು ಬಿಡುತ್ತದಾ?

ಬ್ಯಾಕ್ಟೀರಿಯಾಕ್ಕಿಂತ ನನಗೆ ಬಟ್ಟೆಯದೇ ಚಿಂತೆ. ರಿಪೇರಿಗೆ ಬರುವ ರಾ ಡೆನಿಮ್ ಹರಿಯುವುದು ಮೊಣಕಾಲಲ್ಲಿ ಅಲ್ಲ, ಕಾಲುಗಳ ನಡುವೆ ನಾಲ್ಕು ಹೊಲಿಗೆ ಕೂಡುವ ಜಾಗದಲ್ಲಿ. ಅಲ್ಲಿ ಬೆವರೂ ಜಾಸ್ತಿ, ಉಜ್ಜುವುದೂ ಜಾಸ್ತಿ. ದೂಳು, ಮರಳು ನೂಲಿನ ಒಳಗೆ ಕೂತು, ಹೆಜ್ಜೆ ಹಾಕಿದಂತೆಲ್ಲ ಎಳೆಗಳನ್ನು ಸವೆಸುತ್ತವೆ. ಕಡೆಗೆ ರಫೂ ಮಾಡಲು ಸೂಜಿ ಹಾಕಿದರೆ ಸುತ್ತಲಿನ ಬಟ್ಟೆಯೇ ಕಿತ್ತು ಬರುತ್ತದೆ. ಒಳ್ಳೆಯ ಬಟ್ಟೆ ಹೀಗೆ ಹಾಳಾಗುವುದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಗೆರೆಗಳ ಮಾತು. ನೀಲಿ ಬಣ್ಣ, ಅಂದರೆ ಇಂಡಿಗೋ, ನೀರಿನಲ್ಲಿ ಕರಗುವುದಿಲ್ಲ. ಬಣ್ಣದ ತೊಟ್ಟಿಯಲ್ಲಿ ಅದರ ರೂಪ ಬದಲಿಸಿ ಕರಗಿಸುತ್ತಾರೆ. ನೂಲು ತೊಟ್ಟಿಯಿಂದ ಹಳದಿ-ಹಸಿರಾಗಿ ಹೊರಬಂದು, ಗಾಳಿ ತಾಗಿದ ಮೇಲೆ ನೀಲಿಯಾಗುತ್ತದೆ. ಹೀಗೆ ಹಲವು ಸಲ ಅದ್ದಿದರೂ ಬಣ್ಣ ಹೊರಗಿನ ಪದರದಲ್ಲೇ ನಿಲ್ಲುತ್ತದೆ, ನೂಲಿನ ನಡುಭಾಗ ಬೆಳ್ಳಗೇ ಇರುತ್ತದೆ. ಉಜ್ಜಿದ ಕಡೆ ನೀಲಿ ಸವೆದು ಬಿಳಿ ಕಾಣುತ್ತದೆ. ಗೆರೆ ಅಂದರೆ ಅಷ್ಟೇ. ಗಂಜಿ ಇರುವಾಗ ಬಟ್ಟೆ ಒಂದೇ ಜಾಗದಲ್ಲಿ ಮಡಚುತ್ತದೆ, ಅದಕ್ಕೇ ಮೊದಲ ಕೆಲವು ವಾರ ದಿನಾ ಹಾಕಿ ಓಡಾಡಿದರೆ ಗೆರೆ ಮೂಡುತ್ತವೆ. ಬೀರುವಿನಲ್ಲಿಟ್ಟು ‘ಆರು ತಿಂಗಳು ಒಗೆದಿಲ್ಲ’ ಅಂದರೆ ಏನೂ ಮೂಡುವುದಿಲ್ಲ. ಹೊಸ ಪ್ಯಾಂಟು ದೀಪಾವಳಿ ಆದಮೇಲೆ ಶುರು ಮಾಡಿ. ಗಾಳಿ ಒಣಗಿರುತ್ತದೆ, ಬೆವರು ಕಡಿಮೆ. ಆಗ ಇಪ್ಪತ್ತೈದು, ಮೂವತ್ತು ಸಲ ಹಾಕಿ ಒಗೆದರೆ ಸಾಕು. ಏಪ್ರಿಲ್-ಮೇ ಸೆಕೆಯಲ್ಲಿ ಎಂಟು, ಹತ್ತು ಸಲಕ್ಕೇ ಒಗೆಯಬೇಕು.

ಒಗೆಯುವಾಗ ಗುಂಡಿ ಹಾಕಿ, ಒಳಮಗ್ಗುಲು ಹೊರಗೆ ಮಾಡಿ, ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಮುಕ್ಕಾಲು ಗಂಟೆ ಅದ್ದಿಡಿ. ಬಟ್ಟೆ ಬೆಳ್ಳಗೆ ಮಾಡುವ ಪುಡಿ ಬೇಡ, ನೀಲಿಯ ಛಾಯೆಯೇ ಬದಲಾಗುತ್ತದೆ. ಉಣ್ಣೆ ಬಟ್ಟೆಗೆ ಹಾಕುವ ದ್ರವ ಸ್ವಲ್ಪ ಸಾಕು. ಶಿರಸಿ ಕಡೆಯವರು ರೇಷ್ಮೆ ಸೀರೆಗೆ ಬಳಸುವ ಅಂಟವಾಳದ ನೊರೆಯೂ ಆಗುತ್ತದೆ. ಕೈಯಲ್ಲಿ ಒತ್ತಿ. ಕಲ್ಲಿಗೆ ಬಡಿಯಬೇಡಿ, ಹಿಂಡಬೇಡಿ. ಕಡಲ ಪಕ್ಕದ ಬಾವಿಯ ಉಪ್ಪುನೀರಾದರೆ ಸೋಪು ಒಡೆದು ಬಟ್ಟೆಗೆ ಬಿಳಿಯಾಗಿ ಅಂಟುತ್ತದೆ. ಮಳೆಗಾಲದಲ್ಲಿ ಹೆಂಚಿನಿಂದ ಬೀಳುವ ನೀರಿಗಿಂತ ಒಳ್ಳೆ ನೀರಿಲ್ಲ, ಮೊದಲ ಕೆಲವು ಮಳೆ ಮಾತ್ರ ಬಿಟ್ಟುಬಿಡಿ.

ಒಣಗಿಸುವುದೇ ಕಷ್ಟದ ಕೆಲಸ. ಮಳೆ ಹೊಳವಾಗುವ ದಿನ ನೋಡಿ ಒಗೆಯಿರಿ. ವಾಷಿಂಗ್ ಮಶೀನಿನ ಡ್ರೈಯರಿನಲ್ಲಿ ಎರಡೇ ನಿಮಿಷ ತಿರುಗಿಸಿ, ಸೊಂಟದ ಪಟ್ಟಿ ಹಿಡಿದು ಫ್ಯಾನಿನ ಕೆಳಗೆ ನೇತುಹಾಕಿ. ಜೇಬಿನ ಚೀಲ ಹೊರಗೆ ಎಳೆದಿರಲಿ, ಮುಗ್ಗಲು ವಾಸನೆ ಮೊದಲು ಹುಟ್ಟುವುದು ಅಲ್ಲೇ. ಬಚ್ಚಲ ಒಲೆಯ ಮೇಲೆ ಮಾತ್ರ ಹಾಕಬೇಡಿ, ಹೊಗೆ ವಾಸನೆ ಈ ದಪ್ಪ ಬಟ್ಟೆಯಲ್ಲಿ ಕೂತರೆ ಬೇಗ ಬಿಡುವುದಿಲ್ಲ.

ತುರಿಕೆಗೆ ನಾನು ಮದ್ದು ಹೇಳುವುದಿಲ್ಲ. ಚರ್ಮದ ಡಾಕ್ಟರಿಗೆ ತೋರಿಸಿ. ಯಾರೋ ಹೇಳಿದರು ಅಂತ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚಿದರೆ ಹುಳುಕಡ್ಡಿ ಇನ್ನೂ ಹಬ್ಬುತ್ತದೆ.

ಜೀನ್ಸ್ ಹಾಕಿಕೊಂಡೇ ಕಡಲಿಗಿಳಿದು ಮರಳಲ್ಲಿ ಉಜ್ಜಿದರೆ ಚೆನ್ನಾಗಿ ಫೇಡ್ ಆಗುತ್ತದಂತೆ. ಟಾಗೋರ್ ಬೀಚಿನಲ್ಲಿ ಮಾಡಬಹುದಾ? – ಕಾರವಾರದ ಕಾಲೇಜು ಹುಡುಗ

ಬೇಡ ತಮ್ಮಾ. ನೀರು ಕುಡಿದ ಜೀನ್ಸ್ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಯಾಂತ್ರಿಕ ಬೋಟುಗಳೇ ದಡದಲ್ಲಿ ನಿಲ್ಲುವ ಜೂನ್-ಜುಲೈಯಲ್ಲಿ ಅಂತೂ ಯೋಚಿಸಲೇಬೇಡ. ಬಟ್ಟೆಗೂ ಒಳ್ಳೆಯದಲ್ಲ. ಮರಳು ಎಳೆ ಕತ್ತರಿಸುತ್ತದೆ. ಉಳಿದ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಪ್ಯಾಂಟು ಪೂರ್ತಿ ಒಣಗುವುದೇ ಇಲ್ಲ. ತಾಮ್ರದ ರಿವೆಟ್‌ಗಳು ಹಸಿರುಗಟ್ಟುತ್ತವೆ.

ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದಾ? – ಕುಮಟಾ

ಇಲ್ಲ. ಉಪ್ಪು ಬೇರೆ ಜಾತಿಯ ಬಣ್ಣ ಹಾಕುವಾಗ ತೊಟ್ಟಿಗೆ ಬೇಕು, ಇಂಡಿಗೋಗೆ ಅಲ್ಲ. ‘ಬಣ್ಣ ಲಾಕ್’ ಅಂತ ಬಾಟಲಿ ಮಾರುವವರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಫ್ರೀಜರಿನಲ್ಲಿಟ್ಟರೆ ವಾಸನೆ ಹೋಗುತ್ತದಾ? – ಹೊನ್ನಾವರ

ಹೋಗುವುದಿಲ್ಲ. ಬ್ಯಾಕ್ಟೀರಿಯಾ ಅಲ್ಲಿ ನಿದ್ದೆ ಮಾಡುತ್ತವೆ, ಮೈ ಬಿಸಿ ತಾಗಿದ ಕೂಡಲೇ ಏಳುತ್ತವೆ. ಮೀನು ಇಡುವ ಜಾಗದಲ್ಲಿ ಪ್ಯಾಂಟು ಇಡಬೇಡಿ.

ಉದ್ದ ಜಾಸ್ತಿ ಇದೆ. ಮೊದಲು ಕತ್ತರಿಸಿ ಆಮೇಲೆ ಒಗೆಯಲಾ? – ಶಿರಸಿ

ಖಂಡಿತ ಬೇಡ. ಸ್ಯಾನ್ಫರೈಸ್ ಮಾಡಿದ, ಅಂದರೆ ಗಿರಣಿಯಲ್ಲೇ ಮೊದಲು ಕುಗ್ಗಿಸಿದ ಬಟ್ಟೆ ನೂರಕ್ಕೆ 1ರಿಂದ 3ರಷ್ಟು ಕುಗ್ಗುತ್ತದೆ, ಮಾಡದಿದ್ದದ್ದು 10ರವರೆಗೂ. 34 ಇಂಚಿನ ಕಾಲು 31ಕ್ಕೆ ಇಳಿದು ಅಳುಮೋರೆ ಹಾಕಿಕೊಂಡು ಬಂದವರನ್ನು ನೋಡಿ ನನಗೂ ಬೇಜಾರಾಗಿದೆ. ಕತ್ತರಿಸಿದ್ದನ್ನು ಯಾರೂ ಉದ್ದ ಮಾಡಲಾರರು. ಅದಕ್ಕೇ ನೆನೆಸದ ರಾ ಡೆನಿಮ್‌ಗೆ ನಾನು ಕತ್ತರಿ ಹಾಕುವುದಿಲ್ಲ. ಎಷ್ಟು ಅವಸರ ಅಂದರೂ ಇಲ್ಲ. ನೆನೆಸಿ, ಪೂರ್ತಿ ಒಣಗಿಸಿ, ಎರಡು ದಿನ ಹಾಕಿಕೊಂಡು ಓಡಾಡಿ. ದಿನಾ ಹಾಕುವ ಚಪ್ಪಲಿಯಲ್ಲೇ ಬನ್ನಿ, ಆಗ ಅಳತೆ ತೆಗೆಯುತ್ತೇನೆ.